ಬಯಾಸ್ ಬೇಕೇ ಬೇಕು ಅಂದವರು ಯಾರು?

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ತಂತ್ರಜ್ಞಾನ ಪುಟದಲ್ಲಿ ಒಂದು ಲೇಖನ ಬಂದಿತ್ತು. ಕೈಯಲ್ಲಿ ಹಿಡಿದು ಆಡುವ ಹಳೆಯ ಗೇಮ್ ಕನ್ಸೋಲ್‌ಗಳ ಆಟಗಳನ್ನು ಕಂಪ್ಯೂಟರ್‌ನಲ್ಲೂ ಫೋನ್‌ನಲ್ಲೂ ಆಡುವುದು ಹೇಗೆ ಅಂತ. ಚೆನ್ನಾಗಿತ್ತು, ಓದಿಸಿಕೊಂಡು ಹೋಯಿತು. ಆದರೆ ನಡುವೆ ಒಂದು ಮಾತು ಸೇರಿಕೊಂಡಿತ್ತು. ಎಮ್ಯುಲೇಟರ್ (ಕಂಪ್ಯೂಟರನ್ನೇ ಹಳೆಯ ಕನ್ಸೋಲ್‌ನ ಹಾಗೆ ನಡೆಸುವ ಪ್ರೋಗ್ರಾಂ) ಹಾಕಿಕೊಂಡರೆ ಸಾಲದು, ಆಯಾ ಕನ್ಸೋಲ್‌ನ ಬಯಾಸ್ ಮತ್ತು ಫರ್ಮ್‌ವೇರ್ ಫೈಲ್‌ಗಳು, ಅಂದರೆ ಕನ್ಸೋಲ್ ಮಾಡಿದವರು ಅದರೊಳಗೇ ಇಟ್ಟಿರುವ ಪ್ರೋಗ್ರಾಂಗಳ ನಕಲು, ಬೇಕೇ ಬೇಕು, ಇಲ್ಲದಿದ್ದರೆ ಯಾವ ಆಟವೂ ಓಡುವುದಿಲ್ಲ ಎಂದು. ಈ ಒಂದು ಮಾತಿನಿಂದ ನಮ್ಮ ಮನೆಯಲ್ಲಿ ಎರಡು ಸಂಜೆ ಹಾಳಾದವು. ಅದಕ್ಕೇ ಈ ಪತ್ರ.

ನಾನು ಕಂಪ್ಯೂಟರ್ ಓದಿದವನಲ್ಲ. ಕಾಲೇಜೊಂದರ ಫಿಸಿಕ್ಸ್ ಲ್ಯಾಬ್‌ನಲ್ಲಿ 31 ವರ್ಷ ಅಟೆಂಡರ್ ಆಗಿದ್ದು ನಿವೃತ್ತನಾದವನು. ಬೀರುಗಳ ಬೀಗದ ಕೈ ಗೊಂಚಲು ನನ್ನ ಹತ್ತಿರವೇ ಇರುತ್ತಿತ್ತು. ಯಾವ ವೋಲ್ಟ್‌ಮೀಟರ್‌ನ ಮುಳ್ಳು ಸೊನ್ನೆಗೆ ಬರುವುದಿಲ್ಲ, ಯಾವ ಲೆನ್ಸ್‌ಗೆ ಗೀರು ಬಿದ್ದಿದೆ, ಎಲ್ಲ ಬಾಯಿಪಾಠ. ನಿವೃತ್ತಿ ಆದ ಮೇಲೂ ಕೈ ಸುಮ್ನಿರಲಿಲ್ಲ. ಮಗ ಚಿಕ್ಕವನಿದ್ದಾಗ ಆಡುತ್ತಿದ್ದ, ನಿಂಟೆಂಡೊ ಕಂಪನಿಯ ಗೇಮ್ ಬಾಯ್ ಅಡ್ವಾನ್ಸ್ ಎಂಬ ಕನ್ಸೋಲ್ ಒಂದು ಡಬ್ಬದಲ್ಲಿ ಸಿಕ್ಕಿತು. ಸ್ಕ್ರೀನ್ ಸತ್ತಿತ್ತು. ಜೊತೆಗಿದ್ದ ಏಳು ಕಾರ್ಟ್ರಿಜ್‌ಗಳು (ಒಂದೊಂದರಲ್ಲೂ ಒಂದು ಆಟ ಇರುವ ಬಿಲ್ಲೆಗಳು) ಮಾತ್ರ ಗಟ್ಟಿಯಾಗಿದ್ದವು. ಕಾರ್ಟ್ರಿಜ್‌ನಲ್ಲಿ ಇರುವುದನ್ನು ಓದಿ ಕಂಪ್ಯೂಟರ್‌ಗೆ ಕೊಡುವ ಯುಎಸ್‌ಬಿ ರೀಡರ್ ಬರುತ್ತದೆ. ಅದನ್ನು ತರಿಸಿಕೊಂಡು, ಏಳಕ್ಕೂ ಒಂದೊಂದು ಫೈಲ್ ಮಾಡಿ, ಅಭ್ಯಾಸಬಲದಿಂದ ಡಬ್ಬಕ್ಕೆ ಚೀಟಿ ಅಂಟಿಸಿ ಇಟ್ಟೆ. ಇನ್ನು ಎಮ್ಯುಲೇಟರ್ ಹಾಕುವುದೊಂದೇ ಬಾಕಿ ಅನ್ನುವಾಗ ನಿಮ್ಮ ಲೇಖನ ಬಂತು.

ನನ್ನ ಮೊಮ್ಮಗನಿಗೆ 13 ವರ್ಷ. ‘ತಾತ, ಬಯಾಸ್ ಇಲ್ಲದೆ ಆಗಲ್ವಂತೆ’ ಅಂದ. ನಾನು ಹೂಂ ಅಂದೆ. ಪೇಪರ್‌ನಲ್ಲಿ ಬಂದಿದೆ ಅಂದರೆ ನಂಬುವ ಕಾಲದವನು ನಾನು. ಅವನು ಹುಡುಕಿದ. ಎಲ್ಲ ಕನ್ಸೋಲ್‌ಗಳ ಬಯಾಸ್ ಒಂದೇ ಕಟ್ಟಿನಲ್ಲಿ ಅಂತ ಯಾರೋ ಇಟ್ಟಿದ್ದು ಸಿಕ್ಕಿತು, ಇಳಿಸಿಕೊಂಡ. ಬಿಚ್ಚಿದರೆ ಒಳಗೆ ಒಂದೇ ಫೈಲ್. ಹೆಸರಿನ ಕೊನೆಯಲ್ಲಿ ಎಕ್ಸ್‌ಇ (.exe) ಅಂತ ಇತ್ತು, ಅಂದರೆ ಒತ್ತಿದರೆ ಓಡುವ ಪ್ರೋಗ್ರಾಂ. ಅದರ ಮೇಲೆ ಎರಡು ಸಲ ಒತ್ತಿದ. ಆಮೇಲೆ ಕಂಪ್ಯೂಟರ್‌ನ ಮೂಲೆಯಲ್ಲಿ ಜಾಹೀರಾತುಗಳು ಕುಣಿಯತೊಡಗಿದವು. ಬ್ರೌಸರ್ ತೆರೆದರೆ ಗುರುತೇ ಇಲ್ಲದ ಪುಟ. ಫ್ಯಾನ್ ಮಾತ್ರ ರೊಯ್ಯೆಂದು ತಿರುಗುತ್ತಿತ್ತು. ಕೊನೆಗೆ ವಿಂಡೋಸ್ ಅಳಿಸಿ ಹೊಸದಾಗಿ ಹಾಕಿದೆವು. ಕಾರ್ಟ್ರಿಜ್ ಫೈಲ್‌ಗಳನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟಿದ್ದೆ, ಅವು ಉಳಿದವು.

ಹುಡುಗನನ್ನು ಬೈಯಲಿಲ್ಲ. ತಪ್ಪು ನನ್ನದೂ ಇತ್ತು. ಲ್ಯಾಬ್‌ನಲ್ಲಿ ಯಾವ ಉಪಕರಣ ಬಂದರೂ ಮೊದಲು ತೂಕ, ಅಳತೆ ನೋಡಿಯೇ ಸಹಿ ಹಾಕುತ್ತಿದ್ದವನು, ಇಲ್ಲಿ ಅಳತೆ ನೋಡಲಿಲ್ಲ. ಅವನು ಇಳಿಸಿದ್ದು 38 ಮೆಗಾಬೈಟ್. ಗೇಮ್ ಬಾಯ್ ಅಡ್ವಾನ್ಸ್‌ನ ಅಸಲಿ ಬಯಾಸ್ ಎಷ್ಟು ಗೊತ್ತಾ? 16 ಕಿಲೋಬೈಟ್. ಸರಿಯಾಗಿ 16,384 ಬೈಟ್, ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ನಾನು ಬರೆಯುತ್ತಿರುವ ಈ ಪತ್ರವನ್ನು ಕನ್ನಡದಲ್ಲಿ ಟೈಪ್ ಮಾಡಿ ಉಳಿಸಿದರೆ ಅದೇ ಬಯಾಸ್‌ಗಿಂತ ದೊಡ್ಡದಾಗುತ್ತದೆ.

ತಮಾಷೆ ಇರುವುದು ಮುಂದೆ. ಕಂಪ್ಯೂಟರ್ ಸರಿಯಾದ ಮೇಲೆ ಎಂಜಿಬಿಎ ಎಂಬ ಎಮ್ಯುಲೇಟರ್ ಹಾಕಿದೆವು. ಬಯಾಸ್ ಇಲ್ಲದೆ ಏನಂತ ಬೈಯುತ್ತದೋ ನೋಡೋಣ ಅಂತ ಸುಮ್ನೆ ಒಂದು ಆಟದ ಫೈಲ್ ತೆರೆದೆ. ಓಡಿತು. ಎರಡನೆಯದು ತೆರೆದೆ, ಅದೂ ಓಡಿತು. ಏಳೂ ಓಡಿದವು. ನಾವು ಎರಡು ಸಂಜೆ ಒದ್ದಾಡಿದ್ದು ಬೇಡವೇ ಬೇಡದ ಒಂದು ಫೈಲ್‌ಗೋಸ್ಕರ.

ಇದು ಹೇಗೆ ಅಂತ ತಿಳಿಯುವವರೆಗೂ ನನಗೆ ಸಮಾಧಾನ ಇರಲಿಲ್ಲ. ಒಂದಷ್ಟು ದಿನ ಕೂತು ಓದಿದೆ. ಓದುತ್ತಾ ಹೋದಂತೆ ಇದೆಲ್ಲ ನನಗೆ ಚೆನ್ನಾಗಿ ಗೊತ್ತಿರುವ ಕೆಲಸವೇ ಅನ್ನಿಸಿತು.

ಮೊದಲು 1989ರ ಗೇಮ್ ಬಾಯ್. ಅದರ ಚಿಪ್ಪಿನೊಳಗೆ ಒಂದು ಪುಟ್ಟ ಪ್ರೋಗ್ರಾಂ ಕೂತಿದೆ, ಬರೀ 256 ಬೈಟ್. ಅದೇ ಅದರ ಬಯಾಸ್ ಅನ್ನಿ. ನನ್ನ ಲೆಕ್ಕದಲ್ಲಿ ಅವನು ಗೇಟಿನ ವಾಚ್‌ಮನ್. ಸ್ವಿಚ್ ಹಾಕಿದ ತಕ್ಷಣ ಕಂಪನಿಯ ಹೆಸರು ಮೇಲಿನಿಂದ ಇಳಿದು ಬಂದು ‘ಟಿಣ್’ ಅನ್ನುತ್ತದಲ್ಲ, ಅದು ಅವನ ಕೆಲಸ. ಹೆಸರು ಇಳಿಸುವುದು ಬರೀ ಶೋಕಿಗಲ್ಲ. ಆ ಹೆಸರಿನ ಚಿತ್ರ, 48 ಬೈಟ್, ಕಾರ್ಟ್ರಿಜ್‌ನಲ್ಲೂ ಇರಬೇಕು. ತನ್ನ ಹತ್ತಿರ ಇರುವುದಕ್ಕೂ ಕಾರ್ಟ್ರಿಜ್‌ನಲ್ಲಿ ಇರುವುದಕ್ಕೂ ತಾಳೆ ನೋಡುತ್ತಾನೆ. ಒಂದು ಬೈಟ್ ತಪ್ಪಿದರೂ ಅಲ್ಲೇ ನಿಲ್ಲಿಸಿಬಿಡುತ್ತಾನೆ. ಕಾರ್ಟ್ರಿಜ್‌ನ ಪಿನ್ನುಗಳಿಗೆ ಕೊಳೆ ಹಿಡಿದಾಗ ಹೆಸರು ಚಿಂದಿಚಿಂದಿಯಾಗಿ ಬಂದು ಆಟ ಮುಂದೆ ಹೋಗದೆ ನಿಲ್ಲುತ್ತಿತ್ತಲ್ಲ, ಅದಕ್ಕೆ ಕಾರಣ ಇದೇ. ತಾಳೆ ಸರಿಹೋದರೆ ಬಾಗಿಲು ತೆಗೆದು, ತಾನು ಮೆಮೊರಿಯಿಂದಲೇ ಮರೆಯಾಗುತ್ತಾನೆ. ಮತ್ತೆ ಸ್ವಿಚ್ ಆರಿಸಿ ಹಾಕುವವರೆಗೂ ಆಟಕ್ಕೆ ಅವನ ಮುಖ ಕಾಣುವುದಿಲ್ಲ.

ಬಾಗಿಲು ತೆಗೆದು ಮನೆಗೆ ಹೋದ ವಾಚ್‌ಮನ್ ಎಮ್ಯುಲೇಟರ್‌ಗೆ ಯಾಕೆ ಬೇಕು? ಅವನು ಹೋಗುವಾಗ ಪ್ರೊಸೆಸರ್‌ನ ರಿಜಿಸ್ಟರ್‌ಗಳಲ್ಲಿ (ಸಂಖ್ಯೆ ಇಟ್ಟುಕೊಳ್ಳುವ ಪುಟ್ಟ ಖಾನೆಗಳಲ್ಲಿ) ಯಾವ ಸಂಖ್ಯೆ ಬಿಟ್ಟು ಹೋಗುತ್ತಾನೋ ಅದೇ ಸಂಖ್ಯೆಗಳನ್ನು ಇಟ್ಟು, ಆಟ ಶುರುವಾಗುವ ಜಾಗದಿಂದ ನೇರ ಹೊರಟರಾಯಿತು. ಎಮ್ಯುಲೇಟರ್‌ಗಳು ಹಾಗೇ ಮಾಡುತ್ತವೆ. ಇದಕ್ಕೆ ದೊಡ್ಡ ಸಾಕ್ಷಿ ಬೇಕಿದ್ದರೆ ಕೇಳಿ. ಆ 256 ಬೈಟ್‌ಗಳನ್ನು ಹೊರಗಿನವರು ಓದಿದ್ದು 2003ರಲ್ಲಿ. ಚಿಪ್ಪಿನ ಮುಚ್ಚಳ ತೆಗೆದು, ಮೈಕ್ರೋಸ್ಕೋಪ್‌ನಲ್ಲಿ ಒಂದೊಂದೇ ಬಿಟ್ ನೋಡಿ ಬರೆದುಕೊಂಡರು. (ಲ್ಯಾಬ್‌ನಲ್ಲಿ 31 ವರ್ಷ ಇದ್ದವನಿಗೆ ಇದಕ್ಕಿಂತ ಖುಷಿಯ ಸುದ್ದಿ ಬೇರೆ ಇಲ್ಲ.) ಆದರೆ ಗೇಮ್ ಬಾಯ್ ಎಮ್ಯುಲೇಟರ್‌ಗಳು 1990ರ ದಶಕದಲ್ಲೇ ಓಡುತ್ತಿದ್ದವು. ಎಮ್ಯುಲೇಟರ್ ಬರೆದವರ ಕೈಯಲ್ಲಿ ಇನ್ನೂ ಇಲ್ಲದ ಫೈಲ್ ಅದಕ್ಕೆ ‘ಬೇಕೇ ಬೇಕು’ ಆಗುವುದು ಹೇಗೆ?

ಇನ್ನು 2001ರ ಗೇಮ್ ಬಾಯ್ ಅಡ್ವಾನ್ಸ್. ಇಲ್ಲಿ ವಿಷಯ ಬೇರೆ, ಇದೇ ನನಗೆ ತುಂಬಾ ಇಷ್ಟವಾದ ಭಾಗ. ಇದರ ಬಯಾಸ್ ಬಾಗಿಲು ತೆಗೆದು ಹೋಗುವ ವಾಚ್‌ಮನ್ ಅಲ್ಲ. ಲ್ಯಾಬ್ ಅಟೆಂಡರ್. ಆಟ ನಡೆಯುವಷ್ಟು ಹೊತ್ತೂ ಒಳಗೇ ನಿಂತಿರುತ್ತಾನೆ, ಕೇಳಿದ್ದನ್ನು ತಂದುಕೊಡುತ್ತಾನೆ. ಆ ಕನ್ಸೋಲ್‌ನ ಪ್ರೊಸೆಸರ್‌ಗೆ ಭಾಗಾಕಾರ ಮಾಡುವ ಆದೇಶವೇ ಇಲ್ಲ. ಕೂಡುತ್ತದೆ, ಕಳೆಯುತ್ತದೆ, ಗುಣಿಸುತ್ತದೆ, ಭಾಗಿಸು ಅಂದರೆ ಸುಮ್ನೆ ನಿಲ್ಲುತ್ತದೆ. ಆಟ ಬಯಾಸ್‌ಗೆ ಒಂದು ನಂಬರ್ ಹೇಳಿ ಕರೆಯುತ್ತದೆ, ಇದನ್ನು ಅದರಿಂದ ಭಾಗಿಸಿ ಕೊಡಪ್ಪಾ ಅಂತ. ವರ್ಗಮೂಲಕ್ಕೆ ಇನ್ನೊಂದು ನಂಬರ್. ಜಾಗ ಉಳಿಸಲು ಕಾರ್ಟ್ರಿಜ್‌ನಲ್ಲಿ ಮಡಚಿಟ್ಟ ಚಿತ್ರಗಳನ್ನು ಬಿಡಿಸಿ ಹಾಸುವುದಕ್ಕೆ ಮತ್ತೊಂದು. ಸ್ಕ್ರೀನ್ ಒಂದು ಸುತ್ತು ಬರೆದು ಮುಗಿಸುವವರೆಗೂ ಕಾಯುತ್ತೇನೆ, ಆದಾಗ ಎಬ್ಬಿಸು ಅನ್ನುವುದಕ್ಕೆ ಇನ್ನೂ ಒಂದು. ಈ ಕೊನೆಯದನ್ನು ಎಷ್ಟೋ ಆಟಗಳು ಸೆಕೆಂಡಿಗೆ ಸುಮಾರು 60 ಸಲ ಕೇಳುತ್ತವೆ. ಇಂಥ ಅಟೆಂಡರ್ ಇಲ್ಲದಿದ್ದರೆ ಆಟ ನಿಜಕ್ಕೂ ನಿಂತುಬಿಡುತ್ತದೆ. ನಿಮ್ಮ ಲೇಖಕರು ಹೇಳಿದ್ದು ಇಷ್ಟರಮಟ್ಟಿಗೆ ಸರಿ.

ಆದರೆ ಅದೇ ಅಟೆಂಡರ್ ಬೇಕು ಅಂತ ಏನೂ ಇಲ್ಲ. ನಾನು ರಜೆ ಹಾಕಿದ ದಿನ ಕೆಮಿಸ್ಟ್ರಿ ಲ್ಯಾಬ್‌ನವನು ಬಂದು ನಿಲ್ಲುತ್ತಿದ್ದ. ಹುಡುಗರು ಅಮ್ಮೀಟರ್ ಕೇಳಿದರೆ ಅಮ್ಮೀಟರ್ ಕೊಡುತ್ತಿದ್ದ. ಪ್ರಯೋಗ ನಡೆಯುತ್ತಿತ್ತು. ಹುಡುಗರಿಗೆ ಬೇಕಾದ್ದು ಮೀಟರ್, ನನ್ನ ಮುಖ ಅಲ್ಲ. ಎಂಜಿಬಿಎ ಬರೆದವರು ಮಾಡಿದ್ದೂ ಇದನ್ನೇ. ಯಾವ ನಂಬರ್‌ಗೆ ಕರೆದರೆ ಏನು ಕೊಡಬೇಕು ಅಂತ ತಿಳಿದುಕೊಂಡು, ಆ ಕೆಲಸ ಮಾಡುವ ಕೋಡ್ ಅನ್ನು ತಾವೇ ಬರೆದು ಎಮ್ಯುಲೇಟರ್ ಒಳಗೇ ಇಟ್ಟಿದ್ದಾರೆ. ಇದಕ್ಕೆ ಹೈ ಲೆವೆಲ್ ಎಮ್ಯುಲೇಷನ್, ಚಿಕ್ಕದಾಗಿ ಎಚ್‌ಎಲ್‌ಇ ಅನ್ನುತ್ತಾರೆ. ಅಸಲಿ ಬಯಾಸ್ ನಿಮ್ಮ ಹತ್ತಿರ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ತೋರಿಸಬಹುದು, ಅದನ್ನೇ ಬಳಸುತ್ತದೆ. ಇಲ್ಲದಿದ್ದರೆ ಕೇಳುವುದೂ ಇಲ್ಲ.

ವ್ಯತ್ಯಾಸವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಬದಲಿ ಅಟೆಂಡರ್ ಮೀಟರ್ ಕೊಡುತ್ತಾನೆ, ಸರಿ. ಆದರೆ ನಾನು ಮೂರನೇ ಬೀರುವಿನಿಂದ ತರಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದೆನೋ ಅಷ್ಟೇ ಹೊತ್ತು ಅವನಿಗೂ ಹಿಡಿಯುತ್ತದೆ ಅಂತ ಹೇಳಲಾಗದು. ಅಸಲಿ ಯಂತ್ರದ ವೇಳೆಗೆ ಅಚ್ಚುಕಟ್ಟಾಗಿ ಹೊಂದಬೇಕು ಅನ್ನುವವರು, ಹಳೆಯ ಕನ್ಸೋಲ್‌ಗೆ ಹೊಸದಾಗಿ ಪ್ರೋಗ್ರಾಂ ಬರೆದು ಪರೀಕ್ಷಿಸುವವರು, ಅಂಥವರಿಗೆ ಅಸಲಿಯೇ ಬೇಕಾಗಬಹುದು. ಶುರುವಿನ ಆ ಲೋಗೋ, ಆ ದನಿ ಅಸಲಿ ಬಯಾಸ್ ಇಲ್ಲದೆ ಬರುವುದಿಲ್ಲ. ನನ್ನ ಮಗನಿಗೆ ಇದೊಂದೇ ಬೇಜಾರು. ‘ಅದು ಕೇಳಿಸದಿದ್ದರೆ ಶುರುವಾದ ಹಾಗೇ ಅನಿಸಲ್ಲಪ್ಪ’ ಅಂದ. ಮೊಮ್ಮಗನಿಗೆ ಅದೆಲ್ಲ ಗೊತ್ತೇ ಇಲ್ಲ, ಅವನು ನೇರ ಆಟಕ್ಕೆ ಇಳಿದ.

2004ರ ನಿಂಟೆಂಡೊ ಡಿಎಸ್‌ನಲ್ಲಿ ಅಟೆಂಡರ್ ಜೊತೆಗೆ ಒಂದು ರಿಜಿಸ್ಟರ್ ಪುಸ್ತಕವೂ ಇದೆ. ಅದಕ್ಕೆ ಎರಡು ಪ್ರೊಸೆಸರ್, ಹಾಗಾಗಿ ಎರಡು ಬಯಾಸ್, 4 ಕಿಲೋಬೈಟ್‌ನದೊಂದು, 16 ಕಿಲೋಬೈಟ್‌ನದೊಂದು. ಇವೆರಡನ್ನೂ ಚಿಪ್ಪಿನಲ್ಲಿ ಕೊರೆದಿಟ್ಟಿದ್ದಾರೆ, ಬದಲಾಗುವುದಿಲ್ಲ. ಇವುಗಳ ಹೊರಗೆ 256 ಕಿಲೋಬೈಟ್‌ನ ಫರ್ಮ್‌ವೇರ್ ಇದೆ, ಅದರಲ್ಲಿ ಬರೆಯಬಹುದು, ಅಳಿಸಬಹುದು. ಆನ್ ಮಾಡಿದಾಗ ಬರುವ ಮೆನು ಅದರಲ್ಲಿದೆ. ಪಕ್ಕದವರ ಕನ್ಸೋಲ್‌ಗೆ ಚಿತ್ರ ಬರೆದು ಕಳಿಸುವ ಪಿಕ್ಟೋಚಾಟ್ ಅದರಲ್ಲಿದೆ. ಕನ್ಸೋಲ್ ಇಟ್ಟುಕೊಂಡವರ ಹೆಸರು, ಹುಟ್ಟಿದ ದಿನ, ಇಷ್ಟದ ಬಣ್ಣ, ಭಾಷೆ, ಟಚ್ ಸ್ಕ್ರೀನ್ ಎಲ್ಲಿ ಒತ್ತಿದರೆ ಎಲ್ಲಿ ಅಂತ ತಿಳಿಯುವ ಹೊಂದಾಣಿಕೆ, ಎಲ್ಲವೂ ಅಲ್ಲೇ. ಬೇರೆ ಯಾರದೋ ಫರ್ಮ್‌ವೇರ್ ಇಳಿಸಿಕೊಂಡರೆ ಯಾರದೋ ಹೆಸರು, ಯಾರದೋ ಹುಟ್ಟುಹಬ್ಬ ಜೊತೆಗೆ ಬಂದುಬಿಡಬಹುದು. ಪಕ್ಕದ ಲ್ಯಾಬ್‌ನ ಹಾಜರಿ ಪುಸ್ತಕ ತಂದು ಇಟ್ಟುಕೊಂಡ ಹಾಗೆ!

ಡಿಎಸ್ ಆಟಗಳಿಗೆ ಮೆಲಾನ್‌ಡಿಎಸ್ ಎಂಬ ಎಮ್ಯುಲೇಟರ್ ಇದೆ. ನಿಮ್ಮ ಲೇಖಕರ ಗೊಂದಲದ ಬೇರು ಬಹುಶಃ ಇಲ್ಲೇ ಇರಬೇಕು. ಯಾಕೆಂದರೆ ಮೊದಮೊದಲು ಅದು ಎರಡು ಬಯಾಸ್, ಒಂದು ಫರ್ಮ್‌ವೇರ್, ಮೂರೂ ಕೊಡಿ ಅಂತ ಹಟ ಮಾಡುತ್ತಿತ್ತು. ಆಮೇಲಿನ ಆವೃತ್ತಿಗಳಲ್ಲಿ ಬದಲಿ ಬಯಾಸ್ ಒಳಗೇ ಬಂತು, ಬದಲಿ ಫರ್ಮ್‌ವೇರ್ ಕೂಡ. ಈಗ ಸಾಮಾನ್ಯ ಡಿಎಸ್ ಆಟಗಳಿಗೆ ಏನೂ ಕೊಡಬೇಕಿಲ್ಲ. ಡಿಎಸ್‌ನ ಅಸಲಿ ಮೆನು ನೋಡಬೇಕು ಅಂದರೆ ಅಸಲಿ ಫರ್ಮ್‌ವೇರ್ ಬೇಕು, ಅದು ಸಹಜ, ಮೆನು ಇರುವುದೇ ಅದರಲ್ಲಿ. ಡಿಎಸ್ ಆದ ಮೇಲೆ ಬಂದ ಡಿಎಸ್‌ಐ ಎಂಬ ಮಾದರಿಯಾಗಿ ಓಡಿಸಬೇಕು ಅಂದರೆ ಆ ಕನ್ಸೋಲ್‌ನ ಬಯಾಸ್, ಫರ್ಮ್‌ವೇರ್, ಒಳಗಿನ ಸ್ಟೋರೇಜ್‌ನ ಪೂರ್ತಿ ನಕಲು, ಎಲ್ಲ ಬೇಕು. ಹಳೆಯ ಸೂಚನೆಗಳನ್ನು ಓದಿ ಬರೆದವರಿಗೆ ಇದೆಲ್ಲ ಒಂದೇ ಹಾಗೆ ಕಂಡಿರುತ್ತದೆ, ಅಲ್ವಾ?

ಸೋನಿಯ ಪಿಎಸ್‌ಪಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದರ ಫರ್ಮ್‌ವೇರ್ ವರ್ಷಗಟ್ಟಲೆ ಬದಲಾಗುತ್ತಾ 6.61ರವರೆಗೆ ಬಂತು, ದೊಡ್ಡ ಸಂಸಾರ. ಆದರೂ 2012ರಲ್ಲಿ ಬಂದ ಪಿಪಿಎಸ್‌ಎಸ್‌ಪಿಪಿ ಎಮ್ಯುಲೇಟರ್‌ಗೆ ಅದರ ಒಂದು ಚೂರೂ ಬೇಡ. ಆ ಸಂಸಾರದ ಕೆಲಸವನ್ನೆಲ್ಲ ತಾನೇ ಮಾಡಿಕೊಳ್ಳುತ್ತದೆ. ಅಕ್ಷರಗಳ ಫಾಂಟ್ ಕೂಡ ತನ್ನದೇ ಬದಲಿ. ಅಸಲಿ ಫಾಂಟ್ ಹಾಕಿದರೆ ಕೆಲವು ಆಟಗಳಲ್ಲಿ ಬರಹ ಇನ್ನೂ ಚೆನ್ನಾಗಿ ಕಾಣುತ್ತದೆ, ಅಷ್ಟೇ.

ಹಾಗಾದರೆ ಎಲ್ಲೂ ಬೇಡವಾ? ಬೇಕು. ಪಿಎಸ್‌ಪಿ ಆದ ಮೇಲೆ 2011ರಲ್ಲಿ ಬಂದ ಪಿಎಸ್ ವೀಟಾ ನೋಡಿ. ಅದರ ಎಮ್ಯುಲೇಟರ್ ವೀಟಾತ್ರೀಕೆ ಮೊದಲ ಸಲ ತೆರೆದಾಗಲೇ ಫರ್ಮ್‌ವೇರ್ ಹಾಕಿ, ಫಾಂಟ್‌ಗಳ ಕಟ್ಟನ್ನೂ ಹಾಕಿ ಅಂತ ಕೇಳುತ್ತದೆ. ಅಸಲಿ ಕೋಡ್‌ನ ಕೆಲವು ಭಾಗಗಳನ್ನು ಅದು ಹಾಗೇ ಓಡಿಸುತ್ತದೆ. ಆದರೆ ಇದಕ್ಕೂ ಯಾರದೋ ಕಟ್ಟು ಹುಡುಕಬೇಕಿಲ್ಲ. ಕನ್ಸೋಲ್ ಇರುವವರು ಅಪ್‌ಡೇಟ್ ಮಾಡಿಕೊಳ್ಳಲಿ ಅಂತ ಸೋನಿಯೇ ತನ್ನ ತಾಣದಲ್ಲಿ ಇಟ್ಟಿರುವ ಫೈಲ್‌ಗಳವು. ಎಮ್ಯುಲೇಟರ್ ಕೂಡ ಅಲ್ಲಿಗೇ ಕೈ ತೋರಿಸುತ್ತದೆ.

ಹಾಗಂತ ಹಳೆಯದಾದರೆ ಬೇಡ, ಹೊಸದಾದರೆ ಬೇಕು ಅಂತ ಲೆಕ್ಕ ಹಾಕಿದರೆ ಅದೂ ತಪ್ಪುತ್ತದೆ. ಅಟಾರಿ ಲಿಂಕ್ಸ್ ಬಂದಿದ್ದು ಗೇಮ್ ಬಾಯ್ ಬಂದ 1989ರಲ್ಲೇ. ಅದರ ಒಳಗಿನ ಬೂಟ್ ಪ್ರೋಗ್ರಾಂ 512 ಬೈಟ್. ಇಲ್ಲಿಯ ವಾಚ್‌ಮನ್ ಗುರುತಿನ ಚೀಟಿ ನೋಡಿ ಬಿಡುವವನಲ್ಲ. ಕಾರ್ಟ್ರಿಜ್‌ನ ಮೊದಲ ಭಾಗ ಗೂಢಲಿಪಿಯಲ್ಲಿ ಇರುತ್ತದೆ, ಅದನ್ನು ಇವನೇ ಬಿಡಿಸಬೇಕು. ಮೆಡ್ನಾಫೆನ್ ಎಂಬ ಎಮ್ಯುಲೇಟರ್ ಲಿಂಕ್ಸ್ ಆಟಕ್ಕೆ ಈ 512 ಬೈಟ್‌ನ ಫೈಲ್ ಇಲ್ಲದಿದ್ದರೆ ಮುಂದೆ ಹೋಗುವುದಿಲ್ಲ. ಅದೇ ಮೆಡ್ನಾಫೆನ್‌ನಲ್ಲಿ 1999ರ ವಂಡರ್‌ಸ್ವಾನ್ ಎಂಬ ಕನ್ಸೋಲ್‌ನ ಆಟ ತೆರೆಯಿರಿ, ಏನೂ ಕೇಳದೆ ಓಡಿಸುತ್ತದೆ. ಒಂದೇ ಎಮ್ಯುಲೇಟರ್, ಎರಡು ಉತ್ತರ. ಕನ್ಸೋಲ್ ಯಾವುದು ಅನ್ನುವುದು ಎಷ್ಟು ಮುಖ್ಯವೋ, ಎಮ್ಯುಲೇಟರ್ ಬರೆದವರು ಬದಲಿ ಅಟೆಂಡರ್‌ನನ್ನು ತಯಾರು ಮಾಡಿಟ್ಟಿದ್ದಾರಾ ಅನ್ನುವುದೂ ಅಷ್ಟೇ ಮುಖ್ಯ.

ಲೇಖನದಲ್ಲಿ ಕಾನೂನಿನ ಮಾತು ಒಂದೇ ಸಾಲಿನಲ್ಲಿ ಮುಗಿದಿತ್ತು. ಅಲ್ಲೂ ಎರಡು ಬೇರೆ ವಿಷಯ ಒಂದರೊಳಗೊಂದು ಸೇರಿಹೋಗಿವೆ. ಬಯಾಸ್ ಎನ್ನುವುದು ಕನ್ಸೋಲ್ ಮಾಡಿದವರು ಬರೆದ ಕೋಡ್, ಕಾಪಿರೈಟ್ ಅವರದು. ಯಾರೋ ಕಟ್ಟು ಕಟ್ಟಿ ಹಂಚಿದರೆ ಅದು ಅವರ ಸೊತ್ತನ್ನು ಹಂಚಿದಂತೆ. ಎಮ್ಯುಲೇಟರ್ ಹಾಗಲ್ಲ. ಕೈಯಲ್ಲಿ ಹಿಡಿಯುವ ಕನ್ಸೋಲ್ ಅಲ್ಲದಿದ್ದರೂ, ಪ್ಲೇಸ್ಟೇಷನ್ ಬಗ್ಗೆ ನಡೆದ ಒಂದು ಪ್ರಕರಣ ಇಲ್ಲಿ ಹೇಳಲೇಬೇಕು. ಕನೆಕ್ಟಿಕ್ಸ್ ಎಂಬ ಕಂಪನಿ ಪ್ಲೇಸ್ಟೇಷನ್ ಆಟಗಳನ್ನು ಕಂಪ್ಯೂಟರ್‌ನಲ್ಲಿ ಓಡಿಸುವ ಪ್ರೋಗ್ರಾಂ ಮಾಡಿತು. ಅಧ್ಯಯನ ಮಾಡುವಾಗ ಸೋನಿಯ ಬಯಾಸ್‌ನ ನಕಲು ಇಟ್ಟುಕೊಂಡಿದ್ದರು. ಆದರೆ ಮಾರಿದ ಪ್ರೋಗ್ರಾಂನಲ್ಲಿ ಸೋನಿಯ ಕೋಡ್ ಇರಲಿಲ್ಲ, ಇದ್ದದ್ದು ತಾವೇ ಬರೆದ ಬದಲಿ. ಸೋನಿ ಕೋರ್ಟಿಗೆ ಹೋಯಿತು. 2000ನೇ ಇಸವಿಯಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಕನೆಕ್ಟಿಕ್ಸ್ ಪರವಾಗಿ ಹೇಳಿತು, ಅಧ್ಯಯನಕ್ಕಾಗಿ ಮಾಡಿಕೊಂಡ ಆ ನಕಲು ನ್ಯಾಯವಾದ ಬಳಕೆಯೇ ಅಂತ. ಇದು ಅಮೆರಿಕದ ಕಾನೂನಿನ ಮಾತು, ಎಲ್ಲ ಕಡೆಗೂ ಹಾಗೇ ಅಂಟಿಸಲಾಗದು. ಆದರೂ ಎಮ್ಯುಲೇಟರ್ ಬರೆಯುವವರು ಬದಲಿ ಬಯಾಸ್‌ಗೆ ಇಷ್ಟು ಕಷ್ಟಪಡುವುದು ಯಾಕೆ ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಯೂಜು ಪ್ರಕರಣವನ್ನು ನಿಮ್ಮ ಲೇಖಕರು ಬಯಾಸ್ ಜೊತೆ ಸೇರಿಸಿದ್ದಾರೆ, ಅದು ಬೇರೆ. ನಿಂಟೆಂಡೊ ಸ್ವಿಚ್‌ನ ಎಮ್ಯುಲೇಟರ್ ಆದ ಯೂಜು ಮೇಲೆ 2024ರ ಫೆಬ್ರವರಿಯಲ್ಲಿ ನಿಂಟೆಂಡೊ ದಾವೆ ಹೂಡಿತು, ಮಾರ್ಚ್‌ನಲ್ಲಿ 24 ಲಕ್ಷ ಡಾಲರ್‌ಗೆ ರಾಜಿಯಾಯಿತು, ಯೂಜು ನಿಂತುಹೋಯಿತು. ಅಲ್ಲಿಯ ಜಗಳದ ಮೂಲ ಆಟಗಳಿಗೆ ಹಾಕಿದ ಗೂಢಲಿಪಿಯ ಬೀಗ ಮತ್ತು ಅದನ್ನು ತೆಗೆಯುವ ಕೀ ಫೈಲ್‌ಗಳು. ಅಟೆಂಡರ್ ಬೇರೆ, ಬೀರುವಿನ ಬೀಗದ ಕೈ ಬೇರೆ. ಎರಡೂ ನನ್ನ ಹತ್ತಿರವೇ ಇದ್ದದ್ದರಿಂದ ಈ ವ್ಯತ್ಯಾಸ ನನಗೆ ಸ್ವಲ್ಪ ಜಾಸ್ತಿಯೇ ಗೊತ್ತು.

ಪತ್ರ ಉದ್ದವಾಯಿತು. ಕತ್ತರಿಸಿ ಹಾಕುವುದಾದರೆ ಬೇರೆ ಏನನ್ನು ಬೇಕಾದರೂ ಕತ್ತರಿಸಿ, ಈ ಮುಂದಿನದನ್ನು ಮಾತ್ರ ಉಳಿಸಿಕೊಳ್ಳಿ. ಆಡುವವರು ಮೊದಲು ಎಮ್ಯುಲೇಟರ್ ಅನ್ನು ಅದನ್ನು ಬರೆದವರ ತಾಣದಿಂದಲೇ ತೆಗೆದುಕೊಂಡು, ಯಾವ ಫೈಲೂ ಕೊಡದೆ ತಮ್ಮ ಆಟವನ್ನು ಒಮ್ಮೆ ತೆರೆದು ನೋಡಲಿ. ಬೇಕಿದ್ದರೆ ಯಾವ ಫೈಲ್ ಬೇಕು ಅಂತ ಸಾಮಾನ್ಯವಾಗಿ ಅದೇ ಹೆಸರು ಹಿಡಿದು ಕೇಳುತ್ತದೆ. ಕೇಳಿದರೆ, ಆ ಫೈಲ್ ಎಷ್ಟು ಬೈಟ್ ಇರಬೇಕು ಅಂತ ತಿಳಿದುಕೊಂಡು ಮುಂದಿನ ಹೆಜ್ಜೆ ಇಡಲಿ. ಸ್ವಂತ ಕನ್ಸೋಲ್‌ನಿಂದಲೇ ಅದನ್ನು ತೆಗೆದುಕೊಳ್ಳುವ ದಾರಿಗಳು ಎಷ್ಟೋ ಕನ್ಸೋಲ್‌ಗಳಿಗೆ ಇವೆ. ಮುಂದಿನ ವಾರದ ಪುಟದಲ್ಲಿ ತಿದ್ದುಪಡಿ ಹಾಕುವಾಗ ಇಷ್ಟು ಬರೆದರೆ ಸಾಕು.

ನಮ್ಮ ಗೇಮ್ ಬಾಯ್ ಅಡ್ವಾನ್ಸ್‌ಗೆ ಹೊಸ ಸ್ಕ್ರೀನ್ ಹಾಕಬಹುದಂತೆ. ಮಗ ಅದರ ಬೆನ್ನು ಹತ್ತಿದ್ದಾನೆ, ಆ ದನಿ ಕೇಳುವುದಕ್ಕೇ ಇರಬೇಕು. ಸಣ್ಣ ಸ್ಕ್ರೂಡ್ರೈವರ್‌ಗಳ ಪೆಟ್ಟಿಗೆ ನನ್ನ ಹತ್ತಿರ ಇದೆ.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ಲ್ಯಾಬ್ ಅಟೆಂಡರ್ ಒಬ್ಬ